ಕುಡುಗೋಲಿಗೆ ಬರೆದ ಸೂತ್ರ

ಮೊದಲು ನಾನು ಬಿಡಿಸಿದ್ದು ಒಂದು ಕುತ್ತಿಗೆಯನ್ನು. ಬಲಗಿವಿಯ ಕೆಳಗೆ, ಮುಂಭಾಗದಲ್ಲಿ ಶುರುವಾದ ಸೀಳು; ಅಲ್ಲಿ ಬೆರಳು ಇಳಿಯುವಷ್ಟು ಆಳ. ಹಿಂದಕ್ಕೆ ಬರುತ್ತ ಬರುತ್ತ ತೆಳುವಾಗಿ, ಹಿಂಗತ್ತಿನ ಹತ್ತಿರ ಬರೀ ಗೀರು. ಶವಪರೀಕ್ಷೆ ಮಾಡಿದ ಡಾಕ್ಟರು ಆ ಗೀರನ್ನು ಗಾಯದ ಬಾಲ ಎಂದು ಕರೆದಿದ್ದರು. ಬಾಲ ಎತ್ತ ಕಡೆಗಿದೆಯೋ ಅತ್ತ ಕಡೆಗೆ ಅಲಗನ್ನು ಜಗ್ಗಿದ್ದಾರೆ ಎಂದು ಅರ್ಥ. ಕುತ್ತಿಗೆಯ ಆ ರಕ್ತನಾಳ ತುಂಡಾದ ಮೇಲೆ ಮನುಷ್ಯ ಒಂದು ಬೀಡಿ ಸೇದುವಷ್ಟು ಹೊತ್ತೂ ಉಳಿಯುವುದಿಲ್ಲವಂತೆ. ನಾನು ಅಷ್ಟು ಓದಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತೆ.

ರಾಯಚೂರಿನಲ್ಲಿ ಕೋರ್ಟಿನ ಹತ್ತಿರದ ಓಣಿಯಲ್ಲಿ ನನ್ನದೊಂದು ಅಂಗಡಿ. ಟೈಪಿಂಗು, ಝೆರಾಕ್ಸು, ಜೊತೆಗೆ ವಕೀಲರಿಗೆ ಬೇಕಾದ ನಕ್ಷೆಗಳು. ಹೊಲದ ಬದು, ಮನೆಯ ಗೋಡೆ, ಲಾರಿ ಗುದ್ದಿದ ತಿರುವು, ಎಲ್ಲ ಬಿಡಿಸಿದ್ದೇನೆ. ಕುತ್ತಿಗೆ ಬಿಡಿಸಿರಲಿಲ್ಲ. ಅದನ್ನು ತಂದುಕೊಟ್ಟವರು ವಯಸ್ಸಾದ ಒಬ್ಬ ವಕೀಲರು, ಬಾಯಲ್ಲಿ ಸದಾ ಅಡಿಕೆ ಹೋಳು.

“ತಂಗೀ, ಪೊಲೀಸರ ನಕಾಶಿ ನೋಡು,” ಎಂದು ಕಾಗದ ಹರವಿದರು. “ಸತ್ತವ ಓಡಿ ಹೋಗಾಕತ್ತಿದ್ದ, ನಮ್ಮ ಕುರಿಗಾರ ಹಿಂದಿನಿಂದ ಕುತ್ತಿಗಿಗೆ ಕುಡಗೋಲು ಸಿಗಿಸಿ ಜಗ್ಯಾನ ಅಂತ ಬರದಾರ. ಇದನ್ನ ಜಡ್ಜ್ ಸಾಹೇಬ್ರು ನಂಬಿದ್ರ ಮುಗೀತು, ಜೀವಾವಧಿ. ನಮ್ಮದೂ ಒಂದು ನಕಾಶಿ ಬೇಕು.”

ನಡೆದದ್ದು ದೇವದುರ್ಗ ತಾಲ್ಲೂಕಿನ ಒಂದು ಹೊಲದಲ್ಲಿ, ಹಾಡಹಗಲು. ಗೊಬ್ಬರಕ್ಕೆಂದು ಹೊಲದವರೇ ಕರೆದು ಕುರಿ ನಿಲ್ಲಿಸಿಕೊಂಡಿದ್ದರು. ಕುರಿಗಾರ, ಅವನ ಹೆಂಡತಿ, ಒಂದು ನಾಯಿ. ನಾಲ್ಕು ಕುರಿ ಬದು ದಾಟಿ ಪಕ್ಕದ ಹೊಲದ ಹತ್ತಿಗೆ ಬಾಯಿ ಹಾಕಿದವು. ಪಕ್ಕದ ಹೊಲದ ಹುಡುಗ ಮತ್ತು ಅವನ ಇಬ್ಬರು ಗೆಳೆಯರು ಬಡಿಗೆ ಹಿಡಿದು ಬಂದರು. ಮೊದಲು ನಾಯಿಯ ಬೆನ್ನು ಮುರಿದರು. ಕುರಿಗಾರ ಆಗ ಬೇವಿನ ಮರದ ಕೆಳಗೆ ನಿಂತು ಟೊಂಗೆ ಕೊಯ್ಯುತ್ತಿದ್ದ. ಅವನ ಬಲ ಮುಂಗೈ ಮುರಿಯಿತು, ದವಡೆ ಒಡೆಯಿತು, ಪಕ್ಕೆಲುಬು ಎರಡು ಹೋದವು. ಪೊಲೀಸರು ಬಂದಾಗ ಅವನು ಮರದ ಕೆಳಗೆ ರಕ್ತದಲ್ಲಿ ಬಿದ್ದಿದ್ದ. ಪಕ್ಕದಲ್ಲೇ ಪಕ್ಕದ ಹೊಲದ ಹುಡುಗನ ಹೆಣ. ಮುರಿದ ದವಡೆಯಲ್ಲೇ ಕುರಿಗಾರ ‘ನಾನೇ ಜಗ್ಗಿದೆ’ ಎಂದಿದ್ದ. ಉಳಿದ ಇಬ್ಬರು, ಕೊಲೆಯಾದ ಮೇಲೆ ಸಿಟ್ಟಿಗೆ ನಾವು ಅವನನ್ನು ಹೊಡೆದೆವು, ಮೊದಲಲ್ಲ ಎಂದು ಹೇಳಿಕೆ ಕೊಟ್ಟಿದ್ದರು.

ಆಯುಧ ಯಾವುದೆಂದರೆ, ಮರದ ಟೊಂಗೆ ಕೊಯ್ದು ಕುರಿಗೆ ಹಾಕಲು ಬಿದಿರಿನ ಗಳದ ತುದಿಗೆ ಕಟ್ಟಿಕೊಳ್ಳುವ ಕುಡುಗೋಲು. ಅದರ ಅಲಗು ಒಳಬಾಗಿನಲ್ಲಿ ಮಾತ್ರ ಹರಿತ. ಬೀಸಿ ಹೊಡೆದರೆ ಬಾವು ಬರುತ್ತದೆ, ಕೊಯ್ಯುವುದಿಲ್ಲ. ಸಿಗಿಸಿ ಜಗ್ಗಿದರೆ ಕೊಯ್ಯುತ್ತದೆ. ಮರವಾದರೂ ಅಷ್ಟೇ, ಮನುಷ್ಯನಾದರೂ ಅಷ್ಟೇ.

ಮೊದಮೊದಲು ನಾನು ಕಂಪ್ಯೂಟರಿನ ಮೌಸ್ ಹಿಡಿದು ಕೈಯಿಂದಲೇ ಬಿಡಿಸಿದೆ. ವಕೀಲರು ಬಂದು ಗಳ ಸ್ವಲ್ಪ ಉದ್ದ ಮಾಡು ಎನ್ನುತ್ತಿದ್ದರು. ಉದ್ದ ಮಾಡಿದರೆ ಕುಡುಗೋಲು ಎಳೆದುಕೊಂಡು ಸೊಟ್ಟಗಾಗುತ್ತಿತ್ತು. ಮನುಷ್ಯನನ್ನು ಬಗ್ಗಿಸು ಎನ್ನುತ್ತಿದ್ದರು. ಬಗ್ಗಿಸಿದರೆ ಗಾಯ ಕಿವಿಯ ಮೇಲೆ ಹೋಗಿ ಕೂರುತ್ತಿತ್ತು. ಹೀಗೆ ತಿದ್ದಿ ತಿದ್ದಿ ಕೊಟ್ಟ ಹಾಳೆಗಳನ್ನು ಕೋರ್ಟಿನಲ್ಲಿ ಸರಕಾರಿ ವಕೀಲರು ಒಂದರ ಪಕ್ಕ ಒಂದು ಇಟ್ಟು, “ಈ ಕುಡಗೋಲು ದಿನಾ ಬೆಳೀತದೇನ್ರಿ? ನೀರು ಹಾಕ್ತೀರೇನು?” ಎಂದರಂತೆ. ಇಡೀ ಕೋರ್ಟು ನಕ್ಕಿತಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿಯುವುದಕ್ಕೆ ಕಾರಣ, ಅವರು ಹೇಳಿದ್ದು ಸರಿಯಾಗಿತ್ತು.

ಆ ಸಿಟ್ಟಿನಲ್ಲೇ ಕೈಯಿಂದ ಬಿಡಿಸುವುದು ಬಿಟ್ಟು ಸೂತ್ರಕ್ಕೆ ಕೈ ಹಾಕಿದೆ. ಟೈಪ್ ಮಾಡುವ ಕಡತದ ಒಳಗೆ ವೆಕ್ಟರ್ ಆಕಾರ ಅಂದರೆ ಬಣ್ಣದ ಚುಕ್ಕೆಗಳ ರಾಶಿಯಲ್ಲ; ಅದೂ ಒಂದು ಬರಹವೇ. ಇಲ್ಲಿಂದ ಹೊರಡು, ಅಲ್ಲಿಗೆ ಗೆರೆ ಎಳೆ, ಇಷ್ಟು ಬಾಗು ಎಂದು ಸಾಲು ಸಾಲು. ಆ ಜಾಗಗಳಿಗೆ ನೇರವಾಗಿ ಅಂಕಿ ಕೊಡಬಹುದು, ಇಲ್ಲವೇ ಒಂದು ಸೂತ್ರದ ಹೆಸರು ಕೊಡಬಹುದು. ಸೂತ್ರ ಕೊಟ್ಟರೆ ಒಂದು ಅಂಕಿ ಬದಲಾದಾಗ ಅದನ್ನು ನಂಬಿದ ಗೆರೆಗಳೆಲ್ಲ ತಾವೇ ಬದಲಾಗುತ್ತವೆ. ಬದಲಾಗಬಾರದ್ದು ಬದಲಾಗುವುದಿಲ್ಲ. ಆ ಅಂಕಿಗೆ ಪರದೆಯ ಮೇಲೆ ಒಂದು ಹಳದಿ ಚುಕ್ಕಿ ಕಟ್ಟಿಬಿಟ್ಟರೆ ಸಾಕು, ಯಾರಾದರೂ ಅದನ್ನು ಹಿಡಿದು ಎಳೆಯಬಹುದು. ಕೋರ್ಟಿನ ಕಂಪ್ಯೂಟರಿನಲ್ಲಿ ಬೇರೆ ಯಾವ ಸಾಫ್ಟ್‌ವೇರೂ ಬೇಡ.

ಹಾಗಾಗಿ ನಾನು ಹೀಗೆ ಯೋಚಿಸಿದೆ. ಕುತ್ತಿಗೆಯ ಜಾಗ ಅಲುಗಬಾರದು, ಯಾಕೆಂದರೆ ಹೆಣ ಎಲ್ಲಿತ್ತೆಂದು ಪಂಚನಾಮೆಯಲ್ಲಿದೆ. ಗಾಯದ ಬಾಲದ ಕೋನ ಅಲುಗಬಾರದು, ಅದು ಡಾಕ್ಟರದು. ಕುಡುಗೋಲಿನ ಬಾಗು ಅಲುಗಬಾರದು, ಅದು ಕಮ್ಮಾರನದು. ಅಲುಗುವುದು ಗಳದ ಉದ್ದವೊಂದೇ. ಉದ್ದವನ್ನು ಕೋನದ ಸೈನು, ಕೊಸೈನಿನ ಜೊತೆ ಗುಣಿಸಿದರೆ ಗಳದ ಬುಡ ಎಲ್ಲಿ ಬರುತ್ತದೆ ಎಂದು ಗೊತ್ತಾಗುತ್ತದೆ. ಬುಡ ಎಲ್ಲೋ, ಜಗ್ಗಿದವನ ಕಾಲು ಅಲ್ಲಿ.

ಹೇಳುವುದಕ್ಕೆ ಇಷ್ಟು ಸುಲಭ. ಬರೆದಾಗ ಗಳ ಅಲುಗಲೇ ಇಲ್ಲ, ಸತ್ತ ಹಾವಿನ ಹಾಗೆ ಬಿದ್ದಿತ್ತು. ಆಮೇಲೆ ನೆನಪಾಯಿತು, ಈ ಭಾಷೆಯಲ್ಲಿ ಕೋನವನ್ನು ಡಿಗ್ರಿಯಲ್ಲಿ ಕೊಡುವ ಹಾಗಿಲ್ಲ. ಒಂದು ಡಿಗ್ರಿಯನ್ನು ಅರವತ್ತು ಸಾವಿರ ಚೂರು ಮಾಡಿ ಆ ಚೂರುಗಳ ಲೆಕ್ಕದಲ್ಲಿ ಕೊಡಬೇಕು. ಕೊಟ್ಟೆ. ಗಳ ಎದ್ದಿತು, ಆದರೆ ಕುಡುಗೋಲು ತಲೆಕೆಳಗಾಗಿ ಆಕಾಶ ಕೊಯ್ಯುತ್ತ ನಿಂತಿತು. ಪರದೆಯಲ್ಲಿ ಎತ್ತರದ ಲೆಕ್ಕ ಮೇಲಿನಿಂದ ಕೆಳಕ್ಕೆ. ನಾನು ಶಾಲೆಯಲ್ಲಿ ಕಲಿತ ಹಾಗೆ ಕೆಳಗಿನಿಂದ ಮೇಲಕ್ಕೆ ಹಾಕಿದ್ದೆ. ಅದನ್ನು ತಿರುಗಿಸಿದೆ. ಆಮೇಲೆ ಮನುಷ್ಯನ ಆಕೃತಿ ಮೂಲೆಗೆ ಹೋಗಿ ಮುದುಡಿಕೊಂಡಿತು. ಒಂದು ಸೂತ್ರ ತನಗಿಂತ ಮೇಲಿನ ಸಾಲಿನಲ್ಲಿ ಬರೆದ ಸೂತ್ರವನ್ನು ಮಾತ್ರ ಬಳಸಬಹುದು, ಕೆಳಗಿನದನ್ನು ಕೇಳಿದರೆ ಅದಕ್ಕೆ ಸೊನ್ನೆಯೇ ಸಿಗುತ್ತದೆ. ನಾನು ಬುಡವನ್ನು ಮೊದಲು ಬರೆದು ಉದ್ದವನ್ನು ಆಮೇಲೆ ಬರೆದಿದ್ದೆ. ಕಂಪ್ಯೂಟರಿಗೆ ನಾನು ಬೈದ ಬೈಗುಳ ಓಣಿಯ ಕೊನೆಯ ಚಹಾದಂಗಡಿಗೂ ಕೇಳಿಸಿತೆಂದು ಆಮೇಲೆ ಆ ಅಂಗಡಿಯವನೇ ಹೇಳಿದ.

ಆಕಾರ ನೆಟ್ಟಗಾದ ದಿನವೇ ಒಬ್ಬ ಮುದುಕಿ ಆಧಾರ್ ಕಾರ್ಡು ಝೆರಾಕ್ಸ್ ಮಾಡಿಸಲು ಬಂದಳು. ಕೋರ್ಟಿಗೆ ಬಂದವರು ಎಲ್ಲರೂ ನನ್ನಲ್ಲಿಗೇ ಬರುತ್ತಾರೆ, ನಾನು ಗಮನಿಸಲಿಲ್ಲ. ಯಂತ್ರ ಬಿಸಿಯಾಗುವ ತನಕ ಆಕೆ ಪರದೆ ನೋಡುತ್ತ ನಿಂತಿದ್ದಳು.

“ಯವ್ವಾ, ಇದು ಯಾರ ಕುತ್ತಿಗಿ?” ಎಂದಳು.

“ಯಾರದೂ ಅಲ್ಲಬೇ, ಚಿತ್ರ.”

“ಸುಳ್ಳ ಹೇಳಬ್ಯಾಡ. ನನ್ನ ಮಗನದು ಅದು. ಹೆಣ ತೊಳದಾಕಿ ನಾನು, ನನಗ ಗುರ್ತ ಸಿಗಂಗಿಲ್ಲೇನು?”

ಬೆರಳು ಚಾಚಿ ಪರದೆಯ ಮೇಲಿನ ಆ ಗೆರೆಯನ್ನು ಮುಟ್ಟಿದಳು, ಆಳದ ಕಡೆಯಿಂದ ಬಾಲದ ಕಡೆಗೆ. ಎದ್ದು ಪರದೆ ಆರಿಸಿದೆ, ನೀರು ಕೊಟ್ಟೆ. ಆಕೆ ಕುಡಿಯಲಿಲ್ಲ. ಕೊಂದವನ ಕಡೆ ಕೆಲಸ ಮಾಡುವವಳು ಎಂದು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯದೆ ಹೋದಳು. ನಾನು ಆ ದಿನ ಊಟ ಮಾಡಲಿಲ್ಲ.

ಗಳದ ಉದ್ದ ಏಳು ಅಡಿ ಎಂದು ಪಂಚನಾಮೆಯಲ್ಲಿತ್ತು. ಏಳು ಹಾಕಿದರೆ ಜಗ್ಗಿದವನ ಕಾಲು ಸರಿಯಾಗಿ ಮರದ ಕೆಳಗೆ, ಕುರಿಗಾರ ಸಿಕ್ಕ ಜಾಗಕ್ಕೇ ಬರುತ್ತಿತ್ತು. ಅಂದರೆ ಪೊಲೀಸರ ನಕ್ಷೆಯೇ ಖರೆ. ಇಷ್ಟು ಹೆಣಗಾಡಿ ನಾನು ಅವರ ಕೆಲಸವನ್ನೇ ಇನ್ನಷ್ಟು ಚಂದಗೆ ಮಾಡಿಕೊಟ್ಟ ಹಾಗಾಯಿತು. ವಕೀಲರು ಮಾತ್ರ ಪಟ್ಟು ಬಿಡಲಿಲ್ಲ. ಏಳು ಅಡಿಯ ಗಳದಲ್ಲಿ ಬೇವಿನ ಮರದ ಮೇಲಿನ ಟೊಂಗೆ ಯಾರು ಕೊಯ್ಯುತ್ತಾರೆ? “ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ ಆಗಬಾರ್ದು ತಂಗೀ. ಹೊಲಕ್ಕ ಹೋಗೋಣ ನಡಿ,” ಎಂದರು.

ಕುರಿಗಾರನ ಹೆಂಡತಿ ಕುರಿ ತೆಗೆದುಕೊಂಡು ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ತವರಲ್ಲಿದ್ದಳು. ಅವಳು ಮಾನ್ವಿಯ ಮೇಲೆ ಬಸ್ಸು ಬದಲಿಸಿ ದೇವದುರ್ಗಕ್ಕೆ ಬಂದಳು, ನಾವು ರಾಯಚೂರಿನಿಂದ. ಸಣಕಲು ಹೆಂಗಸು, ಮೂವತ್ತರ ಆಸುಪಾಸು. ಮಾತಿಗಿಂತ ನಡಿಗೆ ಜಾಸ್ತಿ. ಟೆಂಪೋ ಇಳಿದು ಹೊಲಕ್ಕೆ ನಡೆಯುವಾಗ ನಾನು ಬದುವಿನ ಮೇಲೆ ತಡವರಿಸುತ್ತಿದ್ದರೆ ಅವಳು ಹಿಂತಿರುಗಿ ನೋಡದೆ ಹೋಗುತ್ತಿದ್ದಳು.

ಬೇವಿನ ಮರದಲ್ಲಿ ಕೊಯ್ದ ಟೊಂಗೆಗಳ ಮೋಟು ಹಾಗೇ ಇದ್ದವು. ಅಳತೆಯ ಟೇಪನ್ನು ಒಂದು ಕಡ್ಡಿಗೆ ಕಟ್ಟಿ ಏರಿಸಿದೆ. ಏಳಡಿಯ ಗಳ ಎತ್ತಿ ಹಿಡಿದರೂ ಮುಟ್ಟದ ಎತ್ತರ.

“ಗಳ ಎಷ್ಟುದ್ದ ಇತ್ತವ್ವಾ?” ಎಂದು ವಕೀಲರು ಕೇಳಿದರು.

“ಎರಡು ತುಂಡು ಸೇರಿಸಿ ಹಗ್ಗ ಬಿಗದಿದ್ವಿರಿ. ಊರಿಂದ ಊರಿಗೆ ನಡಿಯಾಗ ಬಿಚ್ಚತೀವಿ, ಮರ ಸಿಕ್ರ ಕಟ್ತೀವಿ. ಪೊಲೀಸ್ರು ಬಂದಾಗ ಜೀಪಿನ್ಯಾಗ ಹಿಡೀಲಿಲ್ಲ. ಹಗ್ಗ ಬಿಚ್ಚಿ ಬುಡದ ತುಂಡು ಇಲ್ಲೇ ಒಗದು, ಕುಡಗೋಲಿದ್ದದ್ದು ಒಯ್ದ್ರು.”

“ಇದನ್ನ ಮೊದಲೇ ಯಾಕ ಹೇಳಲಿಲ್ಲ?”

“ಯಾರು ಕೇಳಿದ್ರು?”

ಬುಡದ ತುಂಡು ಅಲ್ಲೇ ಬದುವಿನ ಜಾಲಿ ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ಹಗ್ಗ ಉಜ್ಜಿದ ಗುರುತು ಅದರ ಮೇಲಿತ್ತು. ವಕೀಲರು ಅರ್ಜಿ ಹಾಕಿ ಮುದ್ದೆಮಾಲು ಕೋಣೆಯಲ್ಲಿ ಜಪ್ತಿ ಮಾಡಿಟ್ಟಿದ್ದ ತುಂಡನ್ನೂ ತೆಗೆಸಿದರು. ಕೋರ್ಟಿನ ಗುಮಾಸ್ತರ ಎದುರೇ ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಉಜ್ಜಿದ ಗುರುತುಗಳು ಕೂಡಿದವು. ಕಟ್ಟಿದರೆ ಹನ್ನೆರಡು ಅಡಿ. ಜೀಪಿನ ಉದ್ದಕ್ಕೆ ಬಿಚ್ಚಿದ ಗಳದ ಮೇಲೆ ಒಬ್ಬ ಮನುಷ್ಯನಿಗೆ ಜೀವಾವಧಿ ತೂಗುತ್ತಿತ್ತು. ವಕೀಲರು ಖುಷಿಯಾಗಿ ಅಡಿಕೆ ಉಗುಳಿ, “ಆಯ್ತು, ಗೆದ್ವಿ!” ಎಂದರು. ಮರದ ಮೇಲಿದ್ದ ಗಳ, ಕುರಿಗಾರನನ್ನು ಹೊಡೆದು ಕೆಡವಿದಾಗ ತಾನೇ ಜಾರಿ ಹುಡುಗನ ಕುತ್ತಿಗೆಗೆ ಬಿತ್ತು. ಅದು ಅವರ ವಾದ.

ನಾನು ಬೀಳುವ ಗಳಕ್ಕೆ ಸೂತ್ರ ಬರೆದೆ. ಬುಡವನ್ನು ನೆಲಕ್ಕೆ ಊರಿ, ಕೋನವನ್ನು ಹಳದಿ ಚುಕ್ಕಿಗೆ ಕಟ್ಟಿ, ಮೇಲಿನಿಂದ ಕೆಳಕ್ಕೆ ಎಳೆದೆ. ಪ್ರತಿ ಸಲವೂ ಕುತ್ತಿಗೆಗೆ ತಗಲಿದ್ದು ಕುಡುಗೋಲಿನ ಬೆನ್ನು, ಅಲಗಲ್ಲ. ಅಲಗು ಯಾವಾಗಲೂ ಹಿಡಿದವನ ಕಡೆಗೇ ಮುಖ ಮಾಡಿರುತ್ತದೆ. ಬೀಳುವ ಗಳ ಹುಡುಗನ ತಲೆ ಒಡೆಯಬಹುದಿತ್ತು, ಕುತ್ತಿಗೆ ಕೊಯ್ಯಲಾರದು. ಚುಕ್ಕಿಯನ್ನು ಎಳೆದೂ ಎಳೆದೂ ನನಗೆ ಅಳು ಬಂತು. ಗಾಯಕ್ಕೆ ಬಾಲವಿತ್ತು. ಯಾರೋ ಜಗ್ಗಿಯೇ ಜಗ್ಗಿದ್ದರು.

ವಕೀಲರು ಜಾಗಗಳನ್ನು ಇನ್ನೊಮ್ಮೆ ಸರಿಯಾಗಿ ಗುರುತಿಸು ಎಂದು ಕುರಿಗಾರನ ಹೆಂಡತಿಯನ್ನು ನನ್ನ ಅಂಗಡಿಗೆ ಕಳಿಸಿದರು. ಅವಳು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಮರ ಇಲ್ಲಿ. ನಾಯಿ ಸತ್ತದ್ದು ಇಲ್ಲಿ. ಎಳೆ ಮರಿಗಳನ್ನು ಬಲೆ ಕಟ್ಟಿ ಕೂಡಿದ್ದು ಅಲ್ಲಿ, ಮರದಿಂದ ಆಚೆ. ಎಲ್ಲ ಹಾಕಿದ ಮೇಲೆ ಬೀಳುವ ಗಳವನ್ನು ತೆಗೆದು, ಮತ್ತೆ ಹಳೆಯ ಜಗ್ಗುವ ಸೂತ್ರ ಹಾಕಿದೆ. ಉದ್ದದ ಜಾಗದಲ್ಲಿ ಏಳನ್ನು ಅಳಿಸಿ ಹನ್ನೆರಡು ಒತ್ತಿದೆ.

ಪರದೆಯ ಮೇಲಿನ ಮನುಷ್ಯ ಮರದ ಕೆಳಗಿನಿಂದ ಜಾರಿಕೊಂಡು ಹೋಗಿ ಮರಿಗಳ ಬಲೆಯ ಪಕ್ಕ ನಿಂತುಬಿಟ್ಟ.

ತಪ್ಪಾಯಿತು ಅಂದುಕೊಂಡೆ. ಸಾಲು ಸಾಲಾಗಿ ಓದಿದೆ. ಗುಣಾಕಾರ ನೋಡಿದೆ, ಕೋನ ನೋಡಿದೆ. ತಪ್ಪಿರಲಿಲ್ಲ. ಮುರಿದ ಮುಂಗೈ, ಒಡೆದ ದವಡೆ ಇಟ್ಟುಕೊಂಡು ಮರದ ಕೆಳಗೆ ಬಿದ್ದವನು ಅಷ್ಟು ದೂರ ಹೋಗಿ ನಿಲ್ಲಲು ಸಾಧ್ಯವಿರಲಿಲ್ಲ.

“ಮರಿ ಹತ್ರ ಯಾರಿದ್ರಬೇ ಅವತ್ತ?” ಎಂದು ಕೇಳಿದೆ. ಕೇಳಿ ಮುಗಿಸುವುದರೊಳಗೆ ನನಗೇ ತಿಳಿದುಹೋಯಿತು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅಲ್ಲೇ ನಿಂದ್ರಸು ಅಕ್ಕಾ. ಸರಿಯಾಗಿ ನಿಂತದ.”

ಆಮೇಲೆ ಹೇಳಿದಳು. ನಾನು ಬಾಗಿಲು ಮುಂದೆ ಮಾಡಿದ್ದೆ. “ಅವ ನನ್ನ ಗಂಡನ ಎದಿ ಮ್ಯಾಲ ಕುಂತಿದ್ದ. ಎರಡೂ ಕೈಯಾಗ ಕಲ್ಲು. ಒಂದ್ ಸಲ ಹಾಕಿದ್ದ ಆಗಲೇ. ಹಲ್ಲು ಮಣ್ಣಾಗ ಬಿದ್ದಿದ್ವು. ಇನ್ನಿಬ್ರು ಕಾಲು ತುಳದು ನಿಂತಿದ್ರು. ಮತ್ತ ಕಲ್ಲು ಎತ್ತಿದ, ಈ ಸಲ ನೆತ್ತಿಗೇ. ಗಳದ ಬುಡ ನನ್ನ ಕಾಲಾಗ ಬಿದ್ದಿತ್ತು. ಟೊಂಗಿ ಜಗ್ಗಿದಂಗ ಜಗ್ಗಿದೆ. ಅವನ್ನ ಗಂಡನ ಮ್ಯಾಲಿಂದ ಕೆಡವಬೇಕು ಅಂತಷ್ಟ ಇತ್ತು ತಲ್ಯಾಗ. ಟೊಂಗಿ ಬಂದಂಗ ಬಂದ. ರಕ್ತ ಹಾರಿ ಮರಿಗಳ ಮ್ಯಾಲ ಬಿತ್ತು ಅಕ್ಕಾ. ಆ ಇಬ್ರು ನೋಡಿ ಓಡಿಹೋದ್ರು. ನನ್ನ ಹೆಸರು ಹೇಳಿದ್ರ ತಾವು ಕಾಲು ತುಳದು ನಿಂತದ್ದೂ ಹೊರಗ ಬರ್ತದಂತ, ಆಮ್ಯಾಲ ಅವರೂ ಇವನ ಹೆಸರೇ ಬರಸಿದ್ರು. ಇವ ಬಾಯಾಗ ರಕ್ತ ತುಂಬಕೊಂಡು, ‘ನೀ ಸುಮ್ನಿರು, ಮಕ್ಕಳು ಅದಾವ, ನಾನೇ ಜಗ್ಗಿನಿ’ ಅಂದ.”

ಸತ್ತವನ ಮೇಲೆ ಸಿಟ್ಟು ಬಂತು. ಆದರೆ ಪರದೆಯ ಮೇಲೆ ಬೆರಳಿಟ್ಟ ಆ ಮುದುಕಿ ನೆನಪಾದಳು, ಸಿಟ್ಟು ಅರ್ಧಕ್ಕೇ ನಿಂತಿತು.

ವಕೀಲರಿಗೆ ತಿಳಿಸಿದೆ. ಅವರು ಕೋರ್ಟಿನ ಕಾಂಪೌಂಡು ನೋಡುತ್ತ, “ಆ ಮನಿಶಾ ಮರ ಬಿಟ್ಟು ಆಚಿ ಹೋಗದಂಗ ಏನಾರ ಬೇಲಿ ಹಾಕಾಕ ಬರ್ತದೇನು?” ಎಂದು ಕೇಳಿದರು.

ಬರುತ್ತದೆ. ಅದಕ್ಕೆ ಪಿನ್ ಎಂಬ ಸೂತ್ರವಿದೆ. ಒಂದು ಕೆಳಮಿತಿ, ಒಂದು ಮೇಲ್ಮಿತಿ, ನಡುವೆ ನಮ್ಮ ಅಂಕಿ. ಅಂಕಿ ಮಿತಿ ದಾಟಿದರೆ ಅದನ್ನು ಗೂಟಕ್ಕೆ ಕಟ್ಟಿದ ಹಾಗೆ ಅಲ್ಲೇ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಆಕಾರ ಹಾಳೆಯ ಹೊರಗೆ ಓಡಿಹೋಗದಿರಲಿ ಎಂದು ಬಳಸುತ್ತೇವೆ, ಮೋಸಕ್ಕಲ್ಲ.

“ಹಂಗಿದ್ರ ಹಾಕು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಆ ಹೆಣ್ಮಗಳು ಒಳಗ ಹೋದ್ರ ಆ ಮಕ್ಕಳನ್ನ ಯಾರು ನೋಡ್ತಾರ?”

ಹಾಕಿದೆ. ಸುಳ್ಳು ಹೇಳುವುದಿಲ್ಲ, ಅವರು ಹೇಳಿದ ಹಾಗೆ ಬರೆದೆ. ಹನ್ನೆರಡು ಒತ್ತಿದಾಗ ಮನುಷ್ಯ ಮರದ ಬುಡದಲ್ಲೇ ನಿಂತ, ಉಳಿದ ಗಳ ಅವನ ಬೆನ್ನ ಹಿಂದೆ ಉದ್ದಕ್ಕೆ ಚಾಚಿತು. ಅಂದರೆ ಗಳವನ್ನು ನಡುವಿನಲ್ಲಿ ಹಿಡಿದು, ಹತ್ತಿರ ನಿಂತು, ಅಳತೆ ಮಾಡಿ ಜಗ್ಗಿದ ಹಾಗೆ. ನೋಡುತ್ತಿದ್ದಂತೆ ಸಿಟ್ಟು ನೆತ್ತಿಗೇರಿತು.

“ನೋಡ್ರಿ ಸಾಹೇಬ್ರ, ಚಂದಗ ನೋಡ್ರಿ!” ಎಂದು ಪರದೆಯನ್ನು ಅವರ ಮುಖಕ್ಕೇ ತಿರುಗಿಸಿದೆ. “ಪೊಲೀಸರು ಏಳಡಿ ಗಳದಾಗ ಇವನ್ನ ಕೊಲೆಗಾರ ಮಾಡಿದ್ರು. ನಾವು ಹನ್ನೆರಡಡಿ ಗಳದಾಗ ಮಾಡಾಕತ್ತೀವಿ. ಬೇಲಿ ಹಾಕಿ ಯಾರನ್ನ ಉಳಿಸಿದ್ರಿ? ಗಂಡನ್ನೂ ಇಲ್ಲ, ಹೆಂಡತಿನ್ನೂ ಇಲ್ಲ!” ಕೈಗೆ ಸಿಕ್ಕ ಸ್ಟೇಪ್ಲರನ್ನು ಗೋಡೆಗೆ ಎಸೆದೆ. ವಕೀಲರು ಎದ್ದು ಅದನ್ನು ಹೆಕ್ಕಿ ತಂದು ಮೇಜಿನ ಮೇಲಿಟ್ಟರು.

“ಬೈ, ಬೈ. ನಾ ಬೈಸಿಕೊಳ್ಳೋ ಕೆಲಸಾನ ಮಾಡಿನಿ,” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: ಇನ್ನೊಬ್ಬರ ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾಡಿದ್ದಕ್ಕೆ ಕಾನೂನು ಕ್ಷಮೆ ಕೊಡುತ್ತದೆ. ಎದೆಯ ಮೇಲೆ ಕೂತು ಕಲ್ಲೆತ್ತಿದವನನ್ನು ಜಗ್ಗುವುದು ಅಂಥದ್ದೇ. ಆದರೆ ಅದನ್ನು ಅವಳೇ ಬಂದು ಹೇಳಬೇಕು. ಹೇಳಿದ ಮೇಲೆ ಅವಳ ಮೇಲೂ ಕೇಸು ಬೀಳುತ್ತದೆ. ನ್ಯಾ‍ಯಾಧೀಶರು ನಂಬದಿದ್ದರೆ ಗಂಡ ಹೆಂಡತಿ ಇಬ್ಬರೂ ಒಳಗೆ. ಸುಮ್ಮನಿದ್ದರೆ ಗಂಡನೊಬ್ಬನೇ.

ನಾನು ಪಿನ್ ಸಾಲನ್ನು ಅಳಿಸಿದೆ. ಮನುಷ್ಯ ಮತ್ತೆ ಜಾರಿ ಮರಿಗಳ ಪಕ್ಕ ನಿಂತ. “ಕೊಟ್ರ ಹಿಂಗೇ ಕೊಡ್ತೀನಿ, ಇಲ್ಲಂದ್ರ ಕೊಡಂಗಿಲ್ಲ. ಕೊಡಬೇಕೋ ಬ್ಯಾಡೋ ಅದು ಆಕಿ ಹೇಳ್ಬೇಕು. ನೀವೂ ಅಲ್ಲ, ನಾನೂ ಅಲ್ಲ,” ಎಂದೆ. ನನ್ನ ಕೆಲಸದಲ್ಲಿ ಇಂಥ ಮಾತು ನಾನು ಮೊದಲೆಂದೂ ಆಡಿರಲಿಲ್ಲ. ವಕೀಲರು ಕೇಳಿದ್ದು ಬಿಡಿಸಿಕೊಡುವುದಷ್ಟೇ ಗೊತ್ತಿತ್ತು.

ಎಲ್ಲ ತಿಳಿಸಿದಾಗ ಕುರಿಗಾರನ ಹೆಂಡತಿ ಒಂದೇ ಮಾತು ಹೇಳಿದಳು, “ಗಂಡಗ ಹೇಳಿ ಬರ್ತೀನಿ.”

ಕೇಸಿನ ವಾಯಿದೆಯ ದಿನ ಅವನನ್ನು ಜೈಲಿನಿಂದ ಕರೆತಂದಾಗ ಕೋರ್ಟಿನ ವರಾಂಡದಲ್ಲಿ ಹೇಳಿದಳು. ನಾನು, ವಕೀಲರು ಪಕ್ಕದಲ್ಲಿದ್ದೆವು. ಅವನ ದವಡೆ ಕೂಡಿತ್ತು, ಸೊಟ್ಟಗೆ. ಮುಂಗೈಯೂ ಸೊಟ್ಟಗೇ ಕೂಡಿತ್ತು. ಕೇಳುತ್ತಿದ್ದವನು ಒಮ್ಮೆಲೇ ಹುಚ್ಚನ ಹಾಗಾದ. “ನೀ ಬಾಯಿ ತಗದ್ರ ಇಲ್ಲೇ ತಲಿ ಒಡಕೊಂಡು ಸಾಯ್ತೀನಿ!” ಎನ್ನುತ್ತ ಕಲ್ಲಿನ ಕಂಬಕ್ಕೆ ಹಣೆ ಚಚ್ಚಿದ. ಒಂದು ಸಲ, ಎರಡು ಸಲ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಪೇದೆಗಳಿಬ್ಬರು ಹಿಡಿದರೂ ಕೊಸರಾಡಿದ. ಜನ ಸೇರಿದರು.

ಹೆಂಡತಿ ಅಳಲಿಲ್ಲ, ಹತ್ತಿರವೂ ಹೋಗಲಿಲ್ಲ. “ಒಡಕೋ,” ಎಂದಳು. “ಅವತ್ತ ಆ ತಲಿ ಒಡೀಬಾರ್ದಂತಲ್ಲೇನು ನಾ ಜಗ್ಗಿದ್ದು? ಮನಿಶಾನ್ನ ಕೊಂದು ಉಳಿಸೀನಿ ಅದನ್ನ. ಈಗ ನೀನೇ ಒಡಕೋ.”

ಅವನು ಅಲ್ಲೇ ಕುಸಿದು ಕೂತ. ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು.

ಮುಂದಿನ ವಾಯಿದೆಗೆ ನಾನು ಸಾಕ್ಷಿಕಟ್ಟೆ ಹತ್ತಿ ನನ್ನ ಆಕಾರ ತೋರಿಸಿದೆ. ಯಾವುದು ಅಲುಗುತ್ತದೆ, ಯಾವುದು ಅಲುಗುವುದಿಲ್ಲ, ಯಾಕೆ ಎಂದು ಹೇಳಿದೆ. ಕುಡುಗೋಲಿಗೆ ನೀರು ಹಾಕುತ್ತೀರೇನು ಎಂದಿದ್ದ ಸರಕಾರಿ ವಕೀಲರು ತಾವೇ ಬಂದು ಹಳದಿ ಚುಕ್ಕಿ ಹಿಡಿದು ಅತ್ತ ಇತ್ತ ಎಳೆದರು. ಕುಡುಗೋಲು ಬೆಳೆಯಲಿಲ್ಲ, ಕುತ್ತಿಗೆ ಅಲುಗಲಿಲ್ಲ. ಹನ್ನೆರಡಕ್ಕೆ ಬಂದಾಗ ಅವರ ಕೈ ನಿಂತಿತು. “ಇಲ್ಲಿ ಯಾರಿದ್ರು?” ಎಂದು ಪಾಟೀಸವಾಲು ಹಾಕಿದರು. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ನಾನು ಬಿಡಿಸಿದವಳು ಅಷ್ಟೇ ಎಂದೆ. ಕಟ್ಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಮೇಲೆ ಕುರಿಗಾರನ ಹೆಂಡತಿ ಹತ್ತಿ, ನನಗೆ ಹೇಳಿದ್ದನ್ನೇ ಹೇಳಿದಳು. ಎರಡು ತುಂಡು ಗಳವನ್ನು ಅಲ್ಲೇ ಹಗ್ಗದಿಂದ ಬಿಗಿದು ಅವಳ ಕೈಗೆ ಕೊಟ್ಟರು. ಹನ್ನೆರಡಡಿಗೆ ಕೋರ್ಟು ಸಾಲದೆ ಗುಮಾಸ್ತರು ಮೇಜು ಸರಿಸಿದರು. ಒಬ್ಬ ಪೇದೆ ಮೊಣಕಾಲೂರಿ ಕೂತು, ಕಲ್ಲೆತ್ತಿದವನ ಹಾಗೆ ಎರಡೂ ಕೈ ಮೇಲೆತ್ತಿದ. ಕುಡುಗೋಲಿಗೆ ಬಟ್ಟೆ ಸುತ್ತಿದ್ದರು. ಅವಳು ಅದನ್ನು ಅವನ ಕುತ್ತಿಗೆಯ ಹತ್ತಿರ ತಂದು ನಿಲ್ಲಿಸಿದಳು, ಜಗ್ಗಲಿಲ್ಲ. ಜಗ್ಗಿ ತೋರಿಸು ಎಂದು ಯಾರೂ ಕೇಳಲಿಲ್ಲ. ನಾನು ಹಿಂದಿನ ಸಾಲಿನಲ್ಲಿದ್ದ ಮುದುಕಿಯ ಕಡೆ ನೋಡಲು ಧೈರ್ಯ ಮಾಡಲಿಲ್ಲ.

ಗಂಡ ಬಿಡುಗಡೆಯಾದ. ಅವಳ ಮೇಲೆ ಕೇಸಾಯಿತು, ಜಾಮೀನಾಯಿತು, ಮತ್ತೆ ಅದೇ ಗಳ, ಅದೇ ಚುಕ್ಕಿ, ಅದೇ ಡಾಕ್ಟರು. ಕೊನೆಗೆ, ಕಣ್ಣೆದುರು ಸಾಯುತ್ತಿದ್ದ ಗಂಡನನ್ನು ಉಳಿಸಲು ಮಾಡಿದ್ದು, ಕೊಲ್ಲಬೇಕೆಂದು ಮಾಡಿದ್ದಲ್ಲ ಎಂದು ಅವಳನ್ನೂ ಬಿಟ್ಟರು. ವಕೀಲರು ಪೇಢೆ ತರಿಸಿದರು. ನನಗೆ ಒಂದೂ ಇಳಿಯಲಿಲ್ಲ.

ನಾವೆಲ್ಲ ಕೋರ್ಟಿನ ಮೆಟ್ಟಿಲಿಳಿಯುತ್ತಿದ್ದೆವು. ಕೆಳಗೆ ಮುದುಕಿ ನಿಂತಿದ್ದಳು. ಯಾರಾದರೂ ತಡೆಯುವುದಕ್ಕೂ ಮೊದಲೇ ಬಂದು ಕುರಿಗಾರನ ಹೆಂಡತಿಯ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಎರಡು. ತುಟಿ ಒಡೆದು ರಕ್ತ ಬಂತು. ಗಂಡ ಮುನ್ನುಗ್ಗಿದ, ಹೆಂಡತಿ ಅವನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ ಹಾಗೇ ನಿಂತಳು. ಮೂರನೆಯದಕ್ಕೆ ಎತ್ತಿದ ಕೈ ಮುದುಕಿಗೇ ಇಳಿಸಲಾಗಲಿಲ್ಲ.

“ಬಿಡು ಅಂತ ಒಂದ್ ಮಾತು ಕೂಗಬಾರ್ದೇನಬೇ ನೀನು?” ಎಂದಳು. “ಒಂದ್ ಸಲ ಕೂಗಿದ್ರ ಅವ ಬಿಡ್ತಿದ್ದಿಲ್ಲೇನು?”

“ಕೂಗಿದೆ ಯವ್ವಾ. ಗಂಟಲು ಹರಿಯಂಗ ಕೂಗಿದೆ. ಕೇಳಲಿಲ್ಲ.”

ಎತ್ತಿದ ಕೈ ಕೆಳಗಿಳಿಯಿತು. ಮುದುಕಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ನನ್ನ ಮಾತೂ ಕೇಳ್ತಿದ್ದಿಲ್ಲ ಅವ,” ಎಂದಳು. “ಅವತ್ತ ಬಡಿಗಿ ತಗೊಂಡು ಹೊಂಟಾಗ ಬಾಗಲಿಗೆ ಅಡ್ಡ ನಿಂತಿದ್ದೆ. ದೂಡಿ ಹೋದ.”